ಮುಚ್ಚಿಟ್ಟ ಬಾವಿಗಳ ದೇಶದಾಗ

ಅರಬರ ದೇಶಕ್ಕ ಹೋಗಿ ಬಂದೀನಿ ಅಂದ್ರ ಸಾಕು, ನಮ್ಮ ಡಫಳಾಪುರದಾಗ ಎಲ್ಲಾರೂ ಕೇಳೂದು ಒಂದ ಮಾತು: "ಆ ಮುಗಿಲಿಗಿ ಹತ್ತೂವಂಥ ಕಟ್ಟಡ ನೋಡಿದ್ರೇನ್ರಿ?" ನೋಡಿಲ್ಲ. ಬಂಗಾರದ ಬಾಜಾರನೂ ನೋಡಿಲ್ಲ, ಒಂಟಿ ಮ್ಯಾಲೂ ಕುಂತಿಲ್ಲ. "ಹಂಗಾರ ಅಷ್ಟು ದೂರ ಹೋಗಿ ಮಾಡಿದ್ದರ ಏನು?" ಅಂತ ಬಾಜೂ ಮನಿ ಕಾಶವ್ವ ಮೂಗು ಮುರದ್ಲು. ಅಕಿಗಿ ಕುಂದ್ರಿಸಿಕೊಂಡು ಹೇಳೂವಷ್ಟು ತಾಳ್ಮಿ ನನಗಿಲ್ಲ. ಅದಕ್ಕ ಬರದ ಬಿಡ್ತೀನಿ. ಓದಿದವರು ಯಾರರ ಅಕಿಗಿ ಹೇಳ್ರಿ.

ನಾ ಶಾಂತವ್ವ. ನಮ್ಮದು ಎಣ್ಣಿ ಗಾಣ. ಕುಸುಬಿ, ಶೇಂಗಾ ಎರಡೂ ತೆಗೀತೀವಿ. ಮಾವನವರ ಕಾಲಕ್ಕ ಎತ್ತು ತಿರಗತಿದ್ದವು, ಈಗ ಕರೆಂಟಿನ ಮ್ಯಾಲ ನಡೀತೈತಿ. ನಮಗಿದ್ದ ಒಬ್ಬಾಕಿ ಮಗಳು ಸುವರ್ಣಾನ ನಮ್ಮ ಅಣ್ಣನ ಮಗ ಮಲ್ಲುಗ ಕೊಟ್ಟೀವಿ. ಅಂವ ಡಿಪ್ಲೊಮಾ ಕಲತು ಅಬುಧಾಬಿ ಕಡಿ ಎಣ್ಣಿ ಬಾವಿ ಕೆಲಸಕ್ಕ ಹೋದ. ಲಗ್ನ ಆಗಿ ನಾಕು ವರ್ಷ ಅಂವ ಅಲ್ಲಿ ಗಂಡಸರ ಕ್ಯಾಂಪಿನ್ಯಾಗ, ಅಕಿ ಇಲ್ಲಿ ಅತ್ತಿಮನ್ಯಾಗ. ಕಡೀಕ ಅವಗ ಹೊಸಾ ಕೆಲಸ ಸಿಕ್ತು, ಹೆಂಡತಿ ಕೂಡ ಇರಾಕ ಮನಿನೂ ಕೊಟ್ರು. ಮಗಳ ಸಂಸಾರ ಕಣ್ಣಾರೆ ನೋಡೂನು ಅಂತ ನಾ ಹೊರಟೆ.

ವಿಮಾನ ಇಳದಾಗ

"ಅವ್ವಾ, ಏನೂ ತರಬ್ಯಾಡ, ಇಲ್ಲಿ ಎಲ್ಲಾ ಸಿಗತೈತಿ" ಅಂತ ಸುವರ್ಣಾ ಫೋನಿನ್ಯಾಗ ಹೇಳಿದ್ಲು. ಮಗಳು ಹಂಗ ಅಂತಾಳಂತ ತಾಯಿ ಬರಿಗೈಲೆ ಹೋಗ್ತಾಳೇನು? ಜ್ವಾಳದ ಹಿಟ್ಟು, ಶೇಂಗಾ ಚಟ್ನಿ, ಮತ್ತ ನಮ್ಮ ಗಾಣದ್ದು ಒಂದು ಡಬ್ಬಿ ಕುಸುಬಿ ಎಣ್ಣಿ. ಡಬ್ಬಿ ಬಾಯಿಗಿ ಅರಿವಿ ಕಟ್ಟಿ, ಪ್ಲಾಸ್ಟಿಕ್ ಸುತ್ತಿ, ಎರಡು ಇಳಕಲ್ ಸೀರಿ ನಡುವ ಮಲಗಿಸಿದೆ. ನಮ್ಮನಿಯವರು "ಸೋರತೈತಿ" ಅಂದ್ರು. "ಗಾಣದಾಕಿಗಿ ಡಬ್ಬಿ ಕಟ್ಟೂದು ಕಲಸ್ತೀರೇನು" ಅಂದೆ.

ಸೋರಿತು. ಸಾಮಾನು ಬರೂ ಪಟ್ಟಿ ಮ್ಯಾಲ ಎಲ್ಲಾರ ಪೆಟ್ಟಿಗಿ ಒಣಗಿಕೊಂಡು ಬಂದ್ವು, ನಂದೊಂದು ಎಣ್ಣಿಸ್ನಾನ ಮಾಡಿದ ಕೂಸಿನಂಗ ಮಿಂಚಕೋತ ಬಂತು. ಹಿಂದಿನ ಮಂದಿ ಪೆಟ್ಟಿಗಿಗೋಳಿಗೂ ಹತ್ತಿತ್ತು. ಬಿಳೀ ನಿಲುವಂಗಿ ಹಾಕ್ಕೊಂಡ ಒಬ್ಬ ಅಧಿಕಾರಿ ಬಂದ, ಬೊಟ್ಟಿಗಿ ಹಚ್ಚಿಕೊಂಡು ಮೂಸಿ ನೋಡಿದ. ಅವಗ ಹಿಂದಿ ಬರತಿತ್ತು. "ಏನಮ್ಮಾ ಇದು?" ಅಂದ. "ಎಣ್ಣಿ" ಅಂದೆ. "ನಮ್ಮ ದೇಶಕ್ಕ ಎಣ್ಣಿ ತಂದೀರಾ?" ಅಂತ ಅಂವ ನಕ್ಕದ್ದು ನೋಡ್ರಿ, ಆಚಿ ಕಡಿ ನಿಂತವರೂ ತಿರುಗಿ ನೋಡಿದ್ರು. ನನಗ ಸಿಟ್ಟು ಬಂತು. "ನಿಮ್ಮ ಎಣ್ಣ್ಯಾಗ ಬದನಿಕಾಯಿ ಪಲ್ಯ ಮಾಡಾಕ ಬರತೈತೇನಪಾ" ಅಂದೆ. ಅಂವ ಮತ್ತಷ್ಟು ನಕ್ಕ, ಒಂದು ಪೊಟ್ಟಣ ಕಾಗದದ ಅರಿವಿ ತರಿಸಿಕೊಟ್ಟ, ತಾನೂ ನನ್ನ ಸಂಗಟ ಕುಂತು ಪೆಟ್ಟಿಗಿ ಒರಸಿದ. ನಮ್ಮ ಕಡಿ ಸಾಹೇಬ ಅನ್ನಿಸಿಕೊಂಡವ ಹಂಗ ನೆಲಕ್ಕ ಕುಂದರಂಗಿಲ್ಲ.

ಸುವರ್ಣಾನ ಮನಿ

ಮಲ್ಲುನ ಊರು ಅಬುಧಾಬಿಯಿಂದ ಪಶ್ಚಿಮಕ್ಕ ಭಾಳ ದೂರ, ಸಮುದ್ರದ ದಂಡಿಗಿ. ಎಲ್ಲಾ ಒಂದ ನಮೂನಿ ಮನಿ, ಒಂದ ನಮೂನಿ ಬಣ್ಣ. ಮರುದಿನ ಹಾಲು ತರಾಕ ಕೆಳಗ ಇಳದು, ತಿರುಗಿ ಬರುವಾಗ ಬ್ಯಾರೆಯವರ ಬಾಗಲಾ ಬಡದೆ. ಫಿಲಿಪೈನ್ಸಿನ ಹೆಣಮಗಳೊಬ್ಬಾಕಿ ತಗದ್ಲು. ಅಕಿ ಮಾತು ನನಗ ತಿಳಿಯಂಗಿಲ್ಲ, ನಂದು ಅಕಿಗಿ ತಿಳಿಯಂಗಿಲ್ಲ. ಕೈ ಹಿಡದು ಒಳಗ ಕರಕೊಂಡು ಕುಂದ್ರಿಸಿ, ನೀರು ಕೊಟ್ಟು, ಆಮ್ಯಾಲ ಮನಿ ಮನಿ ಬಾಗಲಾ ಬಡದು ಸುವರ್ಣಾನ ಹುಡುಕಿ ತಂದ್ಲು. ನಾವಾಗಿದ್ರ ಮೊದಲ "ಯಾರ ಪೈಕಿ, ಎಲ್ಲಿಯವರು" ಅಂತ ಕೇಳಿ ಆಮ್ಯಾಲ ನೀರು ಕೊಡತಿದ್ವಿ.

ಎರಡ ಖೋಲಿ ಮನಿ. ಆದ್ರ ನನ್ನ ಮಗಳು ಅದನ್ನ ಅರಮನಿ ಮಾಡಿದ್ಲು. ಕಿಡಕಿಗಿ ಹಸರು ಪಡದಾ, ಬಣ್ಣದ ಡಬ್ಬ್ಯಾಗ ತುಳಸಿ. ನಸುಕಿನ್ಯಾಗ ಎದ್ದು ಗಂಡಗ ಬುತ್ತಿ ಕಟ್ಟೂದಂದ್ರ ಅಕಿಗಿ ದಿನಾ ಹಬ್ಬ. ಸಂಜಿಗಿ ಅಂವ ಬಂದ್ರ ಇಬ್ಬರೂ ಒಂದ ತಾಟಿನ್ಯಾಗ ಉಣತಿದ್ರು, ನಾ ಕಂಡೂ ಕಾಣದಂಗ ಅತ್ತಾಗ ಮಾರಿ ಮಾಡತಿದ್ದೆ. ನಾಕು ವರ್ಷ ಅಕಿ ಮಾರಿ ಮ್ಯಾಲ ಇಲ್ಲದ ಕಳಾ ಈಗ ಬಂದಿತ್ತು. ನನ್ನ ಜೀವ ತಂಪಾತು.

ಆದ್ರ ಒಂದು ವಿಚಿತ್ರ ಕಂಡೆ. ಧಾರಾವಾಹಿ ಬಿಟ್ರ ಬ್ಯಾರೆ ಏನೂ ನೋಡದ ಹುಡುಗಿ, ಅಲ್ಲಿ ದಿನಾ ದೇಶ ದೇಶದ ಬಾತ್ಮಿ ನೋಡಾಕತ್ತಿದ್ಲು. ಕೇಳಿದ್ರ ಮಾತು ಹಾರಿಸಿದ್ಲು. ಕಡೀಕ ಮಲ್ಲು ಹೇಳಿದ.

"ಅತ್ತಿ, ಈ ದೇಶದವರು ಇದ್ದ ಎಣ್ಣಿ ಎಲ್ಲಾ ತೆಗಿಯಂಗಿಲ್ಲ. ಎಣ್ಣಿ ಇದ್ದ ದೇಶದ ದೊಡ್ಡವರು ಕೂಡಿ, ಯಾರ್ಯಾರು ಎಷ್ಟೆಷ್ಟು ತೆಗೀಬೇಕು ಅಂತ ಠರಾವ ಮಾಡಿರ್ತಾರ. ಒಂದಿಷ್ಟು ಬಾವಿ ಚಲೋ ಇದ್ರೂ ಮುಚ್ಚೇ ಇಟ್ಟಿರ್ತಾರ."

"ಯಾಕಪಾ?"

"ಎಲ್ಲಾರೂ ತೆಗದ್ರ ಧಾರಣಿ ಬೀಳತೈತಿ. ಮತ್ತ ಎಲ್ಲಿಯರ ಒಂದು ದೇಶದಾಗ ಗದ್ದಲ ಆಗಿ ಅಲ್ಲಿ ಎಣ್ಣಿ ನಿಂತ್ರ, ಇವರು ಮುಚ್ಚಿಟ್ಟ ಬಾವಿ ತಗದು ಆ ಜಾಗಾ ತುಂಬ್ತಾರ. ಜಗತ್ತಿಗಿ ಕಡಿಮಿ ಬೀಳಬಾರದಲ್ಲ."

ಇದು ನನಗ ಲಗೂನ ತಿಳೀತು. ನಮ್ಮ ಗಾಣದಾಗೂ ಮೂರು ಯಂತ್ರ ಅದಾವ, ಎರಡ ನಡಸ್ತೀವಿ. ಮೂರನೇದು ಒರಸಿ ಇಟ್ಟಿರ್ತೀವಿ, ಯಾವಾಗರ ಬೇಕಾಗತೈತಿ ಅಂತ.

"ಈಗ ಯಾವ ದೇಶದಾಗ ಗದ್ದಲ?"

"ಲಿಬಿಯಾದಾಗ. ಅಲ್ಲಿ ಎರಡು ಪಾರ್ಟಿ ಆಗ್ಯಾವ. ಒಂದು ಪಾರ್ಟಿ ಬಾವಿ, ಬಂದರ ಎಲ್ಲಾ ಬಂದ್ ಮಾಡಿಸಿ ಕುಂತೈತಿ. ಅದಕ್ಕ ಇಲ್ಲಿ ಬಾವಿ ತೆಗೀಬೇಕಾತು, ತೆಗಿಯಾಕ ನನ್ನ ತಗೊಂಡ್ರು. ಲಿಬಿಯಾ ತೆಗೀತಂದ್ರ ಇವು ಮತ್ತ ಮುಚ್ಚತಾವ. ನನ್ನ ಕೆಲಸ ಮುಗೀತೈತಿ, ಈ ಮನಿನೂ ಹೋಗತೈತಿ."

ಸುವರ್ಣಾ ಟಿವಿ ಮ್ಯಾಲಿನ ಕಣ್ಣ ತೆಗೀದಂಗ "ಮುಚ್ಚೇ ಇರಲಿ" ಅಂದ್ಲು. "ಅವರು ಬಡದಾಡಕೋತ ಇರಲಿ, ನನಗೇನು."

"ಬಾಯಿ ತೊಳಕೊ" ಅಂತ ಬೈದೆ. "ಯಾರದೋ ಮನಿ ಹಾಳಾಗಲಿ ಅಂತ ಬೇಡತಾರೇನು?"

"ನೀ ಅಪ್ಪನ ಬಿಟ್ಟು ನಾಕು ವರ್ಷ ಇದ್ದೀಯೇನವ್ವಾ?" ಅಂದ್ಲು.

ಮರುದಿನ ಮುಂಜಾನಿ ಲಿಂಗಪೂಜಿಗಿ ಕುಂತೆ. ಲಿಂಗಯ್ಯನ್ನ ಅಂಗೈ ಮ್ಯಾಲ ಹಿಡಕೊಂಡು ಏನ ಬೇಡಲಿ ಅಂತ ತಿಳೀಲಿಲ್ಲ. ಮಗಳ ಮನಿ ಉಳೀಬೇಕಂದ್ರ ಯಾವದೋ ಊರಿಗಿ ಕೀಲಿ ಬಿದ್ದಿರಬೇಕು. ಹಂಗ ಬೇಡಾಕ ನಾಲಿಗಿ ಏಳಲಿಲ್ಲ. ಕೀಲಿ ತೆಗೀಲಿ ಅಂತ ಬೇಡಾಕೂ ಮನಸ್ಸು ಬರಲಿಲ್ಲ, ನಾನೂ ತಾಯಿ ಅದೀನಲ್ಲ. ಏನೂ ಬೇಡದ ಎದ್ದೆ.

ಬಾವಿ

ಬಾವಿ ನೋಡಬೇಕಂತ ಹಟಾ ಹಿಡದೆ. ಒಳಗ ಹೋಗಾಕ ಪಾಸು ಬೇಕು, ತಂತಿ ಬೇಲಿ ಹೊರಗಿಂದನ ನೋಡಬೇಕು ಅಂತ ಹೇಳಿ ಮಲ್ಲು ಕಾರಿನ್ಯಾಗ ಕರಕೊಂಡು ಹೋದ. ಎತ್ತ ನೋಡಿದ್ರೂ ಉಸುಕು. ನಮ್ಮ ಜತ್ತ ತಾಲೂಕಾನ ಒಣಾ ಅಂತ ಬೈತೀವಲ್ಲ, ಅಲ್ಲಿ ಹೋಗಿ ನೋಡಿದ್ರ ನಮ್ಮ ಮಾಡಗ್ಯಾಳದ ಮಾಳ ಹಸರು ಕಂಡೀತು.

ಬಾವಿ ಅಂದ್ರ ಏನಂತೀರಿ? ಒಂದು ಕಬ್ಬಿಣದ ಕೊಳವಿ, ಆಳಿನಕಿಂತ ತುಸು ಎತ್ತರ, ಮ್ಯಾಲಿಂದ ಕೆಳತನಕಾ ತಿರುವೂ ಚಕ್ರ. ನಮ್ಮೂರ ಬೋರವೆಲ್ಲಿಗಿ ನಾಕು ಚಕ್ರ ಹಚ್ಚಿ ಕೆಂಪು ಬಣ್ಣ ಬಳದಂಗ. ಎಣ್ಣಿ ಒಂದು ಹನಿ ಕಾಣಂಗಿಲ್ಲ, ವಾಸನಿ ಇಲ್ಲ. "ಇದಕ್ಕ ಏನೋ ದೇಶ ದೇಶ ಕೂಡಿ ಠರಾವ ಮಾಡೂದು?" ಅಂದೆ.

ಬೇಲಿ ಒಳಗ ಒಬ್ಬ ಹಿರಿಯ ಮನಷಾ ಚಕ್ರ ತಿರುವಾಕತ್ತಿದ್ದ. ಕೂಸಿನ ಕಿವಿ ತಿರುವೂವಂಗ, ಅಷ್ಟು ಮೆತ್ತಗ. ನಮ್ಮನ್ನ ನೋಡಿ ಕೈ ಒರಸಿಕೋತ ಬೇಲಿ ಹತ್ತರ ಬಂದ. ಮಲ್ಲು ಅವಗ "ಉಸ್ತಾದ" ಅಂತಿದ್ದ. ಹೆಸರು ಸಾಲಿಮ್, ಇವನ ಟೋಳಿಗಿ ಮುಖಂಡ. ಅಂವ ನನಗ "ಹಾಜಾ" ಅಂದ. ಹಜ್ ಮಾಡಿ ಬಂದ ಹಿರೇ ಹೆಂಗಸರಿಗಿ ಅವರು ಹಂಗ ಅಂತಾರಂತ. "ತಮ್ಮಾ, ನಾ ಶ್ರೀಶೈಲಕ್ಕ ಹೋಗಿ ಬಂದಾಕಿ" ಅಂದೆ. "ಅದೂ ಹಜ್ಜೇ" ಅಂದ. ಅವನ ಹಿಂದಿ, ನನ್ನ ಹಿಂದಿ ಎರಡೂ ಕುಂಟ ಎತ್ತು, ಆದ್ರೂ ಗಾಡಿ ನಡೀತು. ಇಲ್ಲಿ ನಮ್ಮ ಮಾತಿನ್ಯಾಗ ಬರೀತೀನಿ.

ದೂರದಾಗ ಒಂದು ಕುರಿಹಿಂಡು ಹೊಂಟಿತ್ತು. "ಇವೇನು ಕುರಿ? ನಮ್ಮ ಮಾಡಗ್ಯಾಳ ಕುರಿ ನೋಡಬೇಕು ನೀ, ಗಿಳಿ ಮೂಗು, ರಾಜಾನ ಡೌಲು" ಅಂದೆ. ಅಂವ ಫೋನ್ ತಗದು ತನ್ನ ಮನಿ ಕುರಿ ತೋರಿಸಿದ. ಬಾಲ ತಲಿದಿಂಬಿನಷ್ಟು ದಪ್ಪ. "ಮೂಗು ತಿಂತೀರೇನು ಹಾಜಾ? ನಮ್ಮವು ಬಾಲದಾಗ ತುಪ್ಪ ಇಟಗೊಂಡಾವ" ಅಂದ. ನಾವು ಕುರಿ ತಿನ್ನಂಗಿಲ್ಲ, ಆದ್ರ ಸೋಲಾಕೂ ತಯಾರಿರಲಿಲ್ಲ. ಬಿಸಲಾಗ ಬೇಲಿ ಆಚಿ ಒಬ್ಬಂವ, ಈಚಿ ಒಬ್ಬಾಕಿ, ಕುರಿ ಸಲುವಾಗಿ ವಾದಾ ಮಾಡಿದ್ವಿ. ಮಲ್ಲು ಕಾರಿನ್ಯಾಗ ಕುಂತು ಕಾದು ಕಾದು ಹಾರ್ನ್ ಹೊಡದ. ನಾ ಸಾಲಿಮನ್ನ ಅಲ್ಲಿಯಂವನ ಅಂತ ತಿಳಕೊಂಡಿದ್ದೆ.

ಶುಕ್ರವಾರದ ಊಟ

ಮಲ್ಲುನ ಟೋಳಿಗಿ ಶುಕ್ರವಾರ ಸೂಟಿ. ಸಮುದ್ರದ ದಂಡಿ ಪಾರ್ಕಿನ್ಯಾಗ ಎಲ್ಲಾರೂ ಕೂಡಿ ಊಟ ಮಾಡೂ ರೂಢಿ. ಕೇರಳದ ಮ್ಯಾನೇಜರ್, ಪಾಕಿಸ್ತಾನದ ಇಬ್ಬರು, ಸಾಲಿಮ್, ನಾವು. ಒಬ್ಬೊಬ್ಬರು ಒಂದೊಂದು ಅಡಗಿ ತಂದಿದ್ರು. ನಾ ಜ್ವಾಳದ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗಿ ಒಯ್ದಿದ್ದೆ. ಪಾಕಿಸ್ತಾನದ ಹುಡುಗರು ಹೋಳಿಗಿ ಎರಡೆರಡು ಹಿಡಕೊಂಡು ತಿಂದ್ರು. ಸಾಲಿಮ್ ಎಣ್ಣಿಗಾಯಿ ರಸದಾಗ ರೊಟ್ಟಿ ಅದ್ದಿ ಕಣ್ಣ ಮುಚ್ಚಿ ತಿನ್ನಾಕತ್ತಿದ್ದ. ನನಗ ಅಂವ ಭಾಳ ಸೇರಿದ. "ತಮ್ಮಾ, ನಿನ್ನ ಸ್ವಂತ ಊರು ಯಾವದು?" ಅಂತ ಕೇಳಿದೆ.

"ಲಿಬಿಯಾ" ಅಂದ.

ಸುತ್ತ ಕುಂತವರ ಕೈ ನಿಂತ್ವು. ನಾ ಲಕ್ಷ್ಯ ಕೊಡಲಿಲ್ಲ. ಯಾರ ಊರಿಗಿ ಕೀಲಿ ಬಿದ್ದೈತಿ ಅಂತ ಮುಂಜಾನಿ ಪೂಜ್ಯಾಗ ಕುಂತು ಚಿಂತಿ ಮಾಡತಿದ್ದೆನೊ, ಆ ಊರಿನಂವನ ನನ್ನ ಮುಂದ ಕುಂತಾನ. "ಅಯ್ಯ, ನಿಂದೇನಪಾ ಆ ಮನಿ" ಅಂದೆ. ಮತ್ತ ನಮ್ಮ ಕಡಿ ಇಂಥಾ ಹೊತ್ತಿನ್ಯಾಗ ಕೇಳೂ ಮಾತು ಒಂದ ಇರತೈತಿ. ಅದನ್ನ ಮ್ಯಾನೇಜರ್‌ಗ ಕೇಳಿದೆ: "ಹಂಗಾರ ಇವರ ಮನಿಗಿ ನೀವು ಹಿಂಡಿ ಕಳಸಾಕತ್ತೀರಿಲ್ಲ?"

ಅವಗ ತಿಳೀಲಿಲ್ಲ. ತಿಳಿಯಂಗ ಹೇಳಿದೆ. ನಮ್ಮದೊಂದು ಗಾಣ, ಬಾಜೂ ಊರು ಬೆಳುಂಕಿ ಶಿವಪುತ್ರಪ್ಪಂದೊಂದು ಗಾಣ. ಯಾರ ಮನ್ಯಾಗರ ಸಾವು, ಜಗಳ, ಜಡ್ಡು ಅಂತ ಗಾಣ ನಿಂತ್ರ, ಅವರ ಗಿರಾಕಿ ಬೀಜ ಇನ್ನೊಬ್ಬರು ಗಾಣಕ್ಕ ಹಾಕೂದು. ಎಣ್ಣಿ ಗಿರಾಕಿಗಿ. ಉಳದ ಹಿಂಡಿ ಮಾತ್ರ ನಿಂತ ಗಾಣದವರ ಎಮ್ಮಿಗಿ ಹೋಗಬೇಕು. ಅವರು ಬಾಗಲಾ ತಗದ ದಿನ ಗಿರಾಕಿನ್ನ ನಾವ ಮುಂದ ನಿಂತು ಅವರ ಕಡಿ ಹಚ್ಚಿಕೊಡಬೇಕು. ಹಿರಿಯರು ಹಾಕಿದ ರೀತಿ. ಶಿವಪುತ್ರಪ್ಪನ ಅಣ್ಣತಮ್ಮರು ಬ್ಯಾರೆ ಆಗಾಕ ಜಗಳಾಡಿ ಗಾಣಕ್ಕ ಕೀಲಿ ಹಾಕಿದಾಗ, ಒಂದು ಹಂಗಾಮ ಪೂರಾ ಅವರ ಎಮ್ಮಿ ನಮ್ಮ ಹಿಂಡಿ ತಿಂದಾವ.

ಮ್ಯಾನೇಜರ್ ತಾಟ ನೋಡಕೋತ "ಇಲ್ಲಮ್ಮಾ, ಹಂಗ ಏನೂ ಇಲ್ಲ" ಅಂದ.

"ಆತು, ಗಿರಾಕಿನ್ನರ ತಿರುಗಿ ಕಳಸ್ತೀರಿಲ್ಲ?"

"ಅದು ನಮ್ಮ ಕೈಯಾಗಿಲ್ಲ."

"ಹಂಗಾರ ಇದು ಉರಿಯೂ ಮನ್ಯಾಗ ಗಳ ಹಿರಿದಂಗ ಆತಲ್ಲ" ಅಂತ ನಮ್ಮ ಮಾತಿನ್ಯಾಗ ಅಂದೆ. ಮಲ್ಲುನ ಮಾರಿ ಬೆಳ್ಳಗ ಆತು. ಸಾಲಿಮ್ ಎದ್ದು ಕೈ ತೊಳಕೊಂಡು ಒಬ್ಬನ ನೀರಿನ ಕಡಿ ಹೋಗಿ ನಿಂತ.

ಮಲ್ಲು ನನ್ನ ಬಾಜೂಕ ಕರದ. "ಅತ್ತಿ, ನಾವ್ಯಾರೂ ಅವನ ಮುಂದ ಆ ಮಾತು ತೆಗಿಯಂಗಿಲ್ಲ. ಅಂವ ಬಂದ್ರ ಟಿವಿ ಬಂದ್ ಮಾಡ್ತೀವಿ. ನಮ್ಮೆಲ್ಲಾರ ಕೆಲಸ ಅವನ ಊರು ಮುಚ್ಚಿದ್ದಕ್ಕ ಐತಿ. ಅವಂದೂ ಅದ ಕೆಲಸ. ತನ್ನ ಊರಿನ ಜಾಗಾ ತುಂಬೂ ಬಾವಿ ತಾನ ತೆಗಿಯಾಕತ್ತಾನ."

ಮಾತು ಮನಿ ಕೆಡಿಸಿತು, ತೂತು ಒಲಿ ಕೆಡಿಸಿತು. ಮನಿಗಿ ಬರೂತನಕಾ ಸುವರ್ಣಾ ನನ್ನ ಕಡಿ ನೋಡಲೇ ಇಲ್ಲ. ಹೋಳಿಗಿ ಡಬ್ಬಿ ಮಾತ್ರ ಖಾಲಿ ಆಗಿತ್ತು, ಅಷ್ಟ ಸಮಾಧಾನ.

ಸಾಲಿಮನ ಚಹಾ

ಮರುದಿನ ಸಂಜಿಗಿ ಬಾಗಲಾ ಬಡದ ಸಪ್ಪಳಾತು. ನೋಡಿದ್ರ ಸಾಲಿಮ್, ಕೈಯಾಗ ಸಣ್ಣ ಒಲಿ, ಎರಡು ಕಿಟ್ಲಿ. "ತಮ್ಮಾ, ನಿನ್ನಿ ಮಾತು ಹೊಟ್ಟ್ಯಾಗ ಹಾಕ್ಕೊ" ಅಂದೆ. ಅಂವ ಚಪ್ಪಲ್ ಬಿಟ್ಟು ನೆಲದ ಮ್ಯಾಲ ಕುಂತ. "ಹಾಜಾ, ಆ ಹಿಂಡಿ ಮಾತು ಇನ್ನೊಮ್ಮೆ ಹೇಳ್ರಿ" ಅಂದ.

ಹೇಳಿದೆ. ಎಮ್ಮಿ ಎಷ್ಟು, ಹಿಂಡಿ ಯಾರು ಒಯ್ದು ಕೊಡ್ತಾರ, ಕೊಡುವಾಗ ಏನ ಅಂತಾರ, ಎಲ್ಲಾ ಕೇಳಿದ. "ಏನೂ ಅನ್ನಂಗಿಲ್ಲ, ಗ್ವಾದಲ್ಯಾಗ ಹಾಕಿ ಬರೂದು" ಅಂದೆ. ಅದು ಅವಗ ಭಾಳ ಹಿಡಿಸ್ತು.

ಅವರ ಚಹಾ ಮಾಡೂ ರೀತಿ ಬ್ಯಾರೆ. ಪುಡಿ, ಸಕ್ಕರಿ ಹಾಕಿ ಕರ್ರಗ ಆಗೂತನಕಾ ಕುದಸ್ತಾರ. ಆಮ್ಯಾಲ ಒಂದು ಕಿಟ್ಲಿಯಿಂದ ಇನ್ನೊಂದಕ್ಕ ಕೈ ಎತ್ತರ ಮಾಡಿ ಸುರೂತಾರ, ಸುರೂತಾರ, ಎಮ್ಮಿ ಹಿಂಡಿದಂಗ ನೊರಿ ಬರೂತನಕಾ. ನೊರಿ ಬರದಿದ್ರ ಅದು ಚಹಾನ ಅಲ್ಲ ಅಂತ. ಸಣ್ಣ ಗ್ಲಾಸಿನ್ಯಾಗ ಮೂರು ಸರ್ತಿ ಕೊಡ್ತಾರ. ಮೂರನೇ ಸರ್ತಿ ಕೊಟ್ಟಾಗ ಗ್ಲಾಸಿನ್ಯಾಗ ಏನೋ ತೇಲಾಕತ್ತಿತ್ತು. ನೋಡಿದ್ರ ಹುರದ ಶೇಂಗಾ. ಜಲ್ಮ ಪೂರಾ ಶೇಂಗಾದಾಗ ಕಳದಾಕಿ ನಾ, ಚಹಾದಾಗ ಶೇಂಗಾ ಹಾಕಬೇಕಂತ ನನಗ ಹೊಳದಿರಲಿಲ್ಲ. ಭಾಳ ಚಲೋ ಇತ್ತು. ಈಗ ಮನ್ಯಾಗ ನಾ ಹಂಗ ಕುಡೀತೀನಿ, ನಮ್ಮನಿಯವರು ಮಾರಿ ಕಿವಚತಾರ.

ಚಹಾ ಕುಡಕೋತ ಅಂವ ತನ್ನ ಊರ ಮಾತು ತಗದ. "ನೀವ ಮೊದಲ ಕೇಳಿದವರು ಹಾಜಾ. ಇಲ್ಲಿಯವರು ನನ್ನ ಕಂಡ ಕೂಡ್ಲೆ ಸುಮ್ಮನಾಗ್ತಾರ. ಮನ್ಯಾಗ ಯಾರೋ ಸತ್ತಾರನ್ನೂವಂಗ. ನನ್ನ ಊರು ಸತ್ತಿಲ್ಲ, ನಿಂತೈತಿ, ಅಷ್ಟ."

ಅವಂದೂ ಉಸುಕಿನ ನಡುವಿನ ಊರು. ಅವರಪ್ಪನೂ ಅದ ಬಾವ್ಯಾಗ ಕೆಲಸ ಮಾಡಿದಂವ. ಊರ ಹೊರಗ ಒಂದು ಎತ್ತರದ ಚಿಮಣಿ, ಎಣ್ಣಿ ಸಂಗಟ ಬರೂ ಹೆಚ್ಚಿನ ಗ್ಯಾಸ್ ಅದರ ತುದ್ಯಾಗ ಸದಾ ಉರೀತಿತ್ತಂತ. ಅದರ ಮಸಿಗಿ ಹೆಂಗಸರು ದಿನಾ ಬೈತಿದ್ರು. ಬಾವಿ ಬಂದ್ ಆದ ದಿನ ಆ ಬೆಂಕಿ ಆರಿತು. ಅಂದಿನಿಂದ ಅವನ ಹೆಂಡತಿ ಫಾತಿಯಾ ಸಂಜಿ ಮುಂದ ಆ ಕಡಿ ಕಿಡಕಿ ತೆಗಿಯಂಗಿಲ್ಲ.

"ಇಲ್ಲಿ ಒಂದು ಬಾವಿ ತಗದಾಗ ನಮ್ಮೂರ ಗಿರಾಕಿ ಒಬ್ಬಂವ ಹೋದಂಗ" ಅಂದ. "ಭಾಳ ದಿನ ಬ್ಯಾರೆ ಅಂಗಡಿಗಿ ಹೋದ್ರ ಅವಗ ಅದ ರೂಢಿ ಆಗತೈತಿ. ಮ್ಯಾಲ ನಮ್ಮ ಬಾವಿ ಸುಮ್ನ ನಿಂತು ಕೊಳವಿಗಿ ತುಕ್ಕು ಹಿಡೀತೈತಿ. ಇನ್ನೊಂದು ಬ್ಯಾಸಗಿ ನಿಂತ್ರ ಎಷ್ಟೋ ಬಾವಿ ಮತ್ತ ಏಳಂಗಿಲ್ಲ."

"ಮತ್ತ ಈ ಕೆಲಸ ಯಾಕ ಮಾಡ್ತಿ ತಮ್ಮಾ?"

"ಮಕ್ಕಳು ಊಟ ಕೇಳತಾವಲ್ಲ ಹಾಜಾ."

ಸುವರ್ಣಾ ಅಡಗಿಮನಿ ಬಾಗಲಾಗ ನಿಂತು ಕೇಳಾಕತ್ತಿದ್ಲು. ಸಾಲಿಮ್ ಅಕಿ ಕಡಿ ತಿರುಗಿದ. "ತಂಗೀ, ನಮ್ಮೂರು ತೆಗೀತಂದ್ರ ನಿನ್ನ ಮನಿ ಹೋಗತೈತಿ, ನನಗ ಗೊತ್ತೈತಿ. ದಿನಾ ನಮಾಜಿನ್ಯಾಗ ನಾ ಅದನ್ನ ಬೇಡ್ತೀನಿ. ನನ್ನ ಮ್ಯಾಲ ಸಿಟ್ಟು ಮಾಡಬ್ಯಾಡ."

ಅಕಿ ಖಾಲಿ ಗ್ಲಾಸ್ ತಗೊಂಡು ಒಳಗ ಹೋದ್ಲು. ಅವತ್ತಿನಿಂದ ಬಾತ್ಮಿ ನೋಡೂದ ಬಿಟ್ಲು. ನಾ ಕೆದಕಾಕ ಹೋಗಲಿಲ್ಲ.

ಬಾತ್ಮಿ ಬಂದ ಮುಂಜಾನಿ

ಒಂದ ವಾರ ಆಗಿರಬೇಕು. ಮಲ್ಲು ಡ್ಯೂಟಿಗಿ ಹೊಂಟಿದ್ದ, ಸುವರ್ಣಾ ಬುತ್ತಿ ಕಟ್ಟಾಕತ್ತಿದ್ಲು. ಸಾಲಿಮ್ ಓಡಿಕೋತ ಮೆಟ್ಟಲಾ ಹತ್ತಿ ಬಂದ. ಉಸರ ಹಿಡಿಯಾಕ ಆಗವಲ್ದು, ಫೋನ್ ನನ್ನ ಕೈಯಾಗ ಇಟ್ಟ. ಫೋನಿನ್ಯಾಗ ಒಬ್ಬಾಕಿ ಹೆಂಗಸು ಕಿಡಕಿ ತಗದು ನಿಂತಿದ್ಲು. ಅಲ್ಲಿ ಇನ್ನೂ ನಸುಕು. ದೂರದಾಗ ಒಂದು ಚಿಮಣಿ, ಅದರ ತುದ್ಯಾಗ ಬೆಂಕಿ, ಮ್ಯಾಲ ಕರ್ರನ ಹೊಗಿ.

ಎರಡೂ ಪಾರ್ಟಿ ಹೊಂದಾಣಿಕಿ ಆಗಿದ್ವು. ಒಂದೊಂದ ಬಾವಿ ತೆಗಿಯಾಕ ಸುರು ಮಾಡಿದ್ರು. ಫಾತಿಯಾ ಏನೋ ಅಂದ್ಲು, ಸಾಲಿಮ್ ಅಳಕೋತ ನಕ್ಕ. "ಏನಂತಾಳ?" ಅಂದೆ. "ಇನ್ನ ಮ್ಯಾಲ ಒಣ ಹಾಕಿದ ಅರಿವಿ ಎಲ್ಲಾ ಮಸಿ ಆಗತಾವ ಅಂತ ಬೈತಾಳ" ಅಂದ.

ಮಲ್ಲು ಅವನ್ನ ತೆಕ್ಕಿ ಹಾಯ್ದ. "ಉಸ್ತಾದ, ನಿನ್ನ ಕೆಲಸನೂ ಹೋತು" ಅಂದ.

"ಹೋಗಲಿ. ಈ ಕೆಲಸ ಹೋಗಲಿ ಅಂತ ಬೇಡಕೋತನ ಮಾಡಾಕತ್ತಿದ್ದೆ."

ಸುವರ್ಣಾ ಒಳಗ ಹೋಗಿದ್ಲು. ಹಿಂದ ಹೋದೆ. ಒಲಿ ಮುಂದ ನಿಂತು ಸೆರಗು ಬಾಯಾಗ ತುರಕೊಂಡು ಅಳಾಕತ್ತಿದ್ಲು. "ಅವ್ವಾ, ಆ ಪಡದಾ ಹಾಕಿ ಇನ್ನೂ ಭಾಳ ದಿನ ಆಗಿಲ್ಲ" ಅಂದ್ಲು. ನಾ ಅಕಿ ಬೆನ್ನ ಮ್ಯಾಲ ಕೈ ಇಟ್ಟೆ. ನಾಕು ವರ್ಷದ ಮ್ಯಾಲ ಸಿಕ್ಕದ್ದು ಅಕಿದು, ಹೋಗೂದೂ ಅಕಿದು. ತಾಯಿ ಆದಾಕಿಗಿ ಬರೇ ನೋಡೂದು.

ತುಸು ಹೊತ್ತಿಗಿ ಕಣ್ಣ ಒರಸಿಕೊಂಡ್ಲು. ಬಾಣಲಿ ಒಲಿ ಮ್ಯಾಲ ಇಟ್ಟು ರವಾ ಹುರಿಯಾಕ ಹತ್ತಿದ್ಲು. "ಬೆಲ್ಲ ಎಲ್ಲಿಟ್ಟಿ?" ಅಂದ್ಲು. ಸಜ್ಜಕ ಮಾಡಿ, ತುಪ್ಪ ಧಾರಾಳ ಹಾಕಿ, ಮೊದಲನೇ ಬಟ್ಟಲಾ ಸಾಲಿಮನ ಕೈಯಾಗ ತಾನ ಒಯ್ದು ಇಟ್ಲು. "ತಿನ್ರಿ ಅಣ್ಣಾ. ಅತ್ತಿಗಿಗಿ ಹೇಳ್ರಿ, ಅರಿವಿ ಮನಿಯೊಳಗ ಒಣ ಹಾಕು ಅಂತ." ಕಣ್ಣ ಇನ್ನೂ ಕೆಂಪಗ ಇದ್ವು. ಅಂಥಾ ಮಗಳನ್ನ ಹಡದೀನಿ ಅಂತ ನನಗ ಅವತ್ತು ಎದಿ ತುಂಬಿ ಬಂತು. ಸಂಕೋಚ ಬಿಟ್ಟು ಹೇಳ್ತೀನಿ, ಹಂಗ ಹೆಮ್ಮಿ ನನಗ ಯಾವತ್ತೂ ಆಗಿರಲಿಲ್ಲ.

ಹೊರಟದ್ದು

ಬಾವಿ ಮುಚ್ಚೂ ಹುಕುಂ ಲಗೂನ ಬಂತು. ತಗದವರ ಮುಚ್ಚಿದ್ರು. ಮಲ್ಲು ದಿನಾ ಬಂದು "ಉಸ್ತಾದ ಇವತ್ತ ಹಾಡಕೋತ ಚಕ್ರ ತಿರುವಿದ" ಅಂತ ಹೇಳತಿದ್ದ. ಫಿಲಿಪೈನ್ಸಿನ ಹೆಣಮಗಳು ಬಂದು ತುಳಸಿ ಡಬ್ಬಿ ತಗೊಂಡು ಹೋದ್ಲು. ನೀರು ಎಷ್ಟು ಹಾಕಬೇಕಂತ ಸುವರ್ಣಾ ಕೈಸನ್ನಿ ಮಾಡಿ ತೋರಿಸಿದ್ಲು. ಪಡದಾ ಮಾತ್ರ ಅಕಿ ಮಡಚಿ ತನ್ನ ಪೆಟ್ಟಿಗ್ಯಾಗ ಇಟ್ಟುಕೊಂಡ್ಲು.

ಸಾಲಿಮನ ವಿಮಾನ, ನಮ್ಮ ವಿಮಾನ ಒಂದ ದಿನ. ನಿಲ್ದಾಣದಾಗ ಕೂಡೇ ಕುಂತಿದ್ವಿ. ಹೋಗುವಾಗ ನಾ ಒಬ್ಬಾಕಿ, ಬರುವಾಗ ಮೂವರು. ಅವನ ವಿಮಾನ ಮೊದಲ ಕರದ್ರು. ಅಂವ ಎದ್ದು ಮಲ್ಲುನ ಎರಡೂ ಕೈ ಹಿಡದ.

"ತಮ್ಮಾ, ನೀ ಚಲೋ ಕೆಲಸಗಾರ. ಇವರು ನಿನ್ನ ಮರಿಯಂಗಿಲ್ಲ. ಮತ್ತ ಬಾವಿ ತೆಗಿಯೂ ಕೆಲಸ ಬಂದ್ರ ಮೊದಲ ನಿನಗ ಫೋನ್ ಮಾಡ್ತಾರ. ಮನಿನೂ ಕೊಡ್ತಾರ." ಅಷ್ಟಂದು ಕೈ ಬಿಟ್ಟು ಚೀಲ ಹೆಗಲಿಗಿ ಏರಿಸಿದ. "ಆ ಫೋನ್ ಬಂತಂದ್ರ, ಎಲ್ಲಿಯೋ ಯಾರದೋ ಊರು ನಿಂತೈತಿ ಅಂತ ತಿಳಕೊ. ನಮ್ಮೂರೂ ಇರಬಹುದು."

ಸುವರ್ಣಾ ಗಂಡನ ಮುಂದ ಬಂದು ನಿಂತ್ಲು. "ಬರಂಗಿಲ್ಲ ಅಣ್ಣಾ" ಅಂದ್ಲು. "ಬರೂದು ಬ್ಯಾಡ ಅಂತ ನಾ ಬೇಡ್ಕೋತೀನಿ."

ಈಗ ಮಲ್ಲು ಸಾಂಗ್ಲಿ ಕಡಿ ಒಂದು ಕಾರಖಾನ್ಯಾಗ ಅದಾನ. ಅಲ್ಲಿ ಗಂಡಸರಿಗಿ ಅಷ್ಟ ಖೋಲಿ, ವಾರಕ್ಕೊಮ್ಮೆ ಊರಿಗಿ ಬಂದು ಹೋಗ್ತಾನ. ಸುವರ್ಣಾ ಅತ್ತಿಮನ್ಯಾಗ ಇರ್ತಾಳ. ಅಂವ ಬಸ್ ಹತ್ತಿ ಹೋದ ಮ್ಯಾಲ ಒಂದು ದಿನ ಯಾರ ಕೂಡಾನೂ ಮಾತಾಡಂಗಿಲ್ಲ. ಆದ್ರ ದಿನಾ ಮುಂಜಾನಿ ಪೂಜಿಗಿ ಕುಂತಾಗ ಅಕಿ ಏನ ಬೇಡ್ತಾಳ ಅಂತ ನನಗ ಗೊತ್ತೈತಿ. ನಾನೂ ಈಗ ಅದನ್ನ ಬೇಡ್ತೀನಿ. ಆ ದೇಶದಿಂದ ಮಲ್ಲುಗ ಇನ್ನೂ ಫೋನ್ ಬಂದಿಲ್ಲ.